ಇಳಕಲ್ಲಿನ ಅಂಗಡಿಯಲ್ಲಿ ಒಲೆಯ ಮೇಲಿಟ್ಟ ಹಾಲು

ನನ್ನ ಅಕ್ಕ ಕಾಯಿಸಿದಷ್ಟು ಹಾಲನ್ನು ಬಾಗಲಕೋಟೆಯ ನವನಗರದ ಯಾವ ಹೋಟೆಲ್ಲಿನವನೂ ಕಾಯಿಸಿರಲಿಕ್ಕಿಲ್ಲ. ಯಾರ ಮನೆಯಲ್ಲಿ ಬಸುರಿಯ ಕುಬಸವಿರಲಿ, ನಿಶ್ಚಯವಿರಲಿ, ಉಡಿ ತುಂಬುವ ಹೊತ್ತು ಬಂತೆಂದರೆ ಅವಳು ಮೊಣಕಾಲು ಹಿಡಿದುಕೊಂಡು ಏಳುತ್ತಾಳೆ. "ಒಲಿ ಮ್ಯಾಲ ಹಾಲ ಇಟ್ಟೇನಿ, ನೋಡಿ ಬರ್ತೇನಿ" ಎನ್ನುತ್ತಾಳೆ. ಬರುವುದಿಲ್ಲ. ಇತ್ತ ಹೆಂಗಸರು ಹುಡುಗಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ ಎಲ್ಲ ಹಾಕಿ, ಫೋಟೊ ತೆಗೆಸಿಕೊಂಡು, ಎಲೆ ಅಡಿಕೆ ಅಗಿಯಲು ಕುಳಿತ ಮೇಲೆ ಅವಳು ಚಹಾದ ತಾಟು ಹಿಡಿದು ಹೊರಗೆ ಬರುತ್ತಾಳೆ. ಭಾವ ತೀರಿಕೊಂಡ ಮೇಲಿನಿಂದ ಹೀಗೆಯೇ ನಡೆದಿದೆ. ಏಳು ಎಂದು ಅವಳಿಗೆ ಯಾರೂ ಹೇಳಿಲ್ಲ, ಸುಳ್ಳು ಹೇಳಬಾರದು. ನಾವು ಶರಣರ ನಾಡಿನವರು, ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವಷ್ಟು ಕೆಟ್ಟವರಲ್ಲ. ಅವಳಾಗಿಯೇ ಎದ್ದರೆ ಕುಂದ್ರು ಎನ್ನದಿರುವಷ್ಟು ಒಳ್ಳೆಯವರು, ಅಷ್ಟೇ.

ಹೋದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ನಾನು ಹೈಸ್ಕೂಲಿನಲ್ಲಿ ಮಂದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ನನ್ನ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸಿ ಬೆಳೆಸಿದವಳು ಅಕ್ಕ. ಅವಳಿಗೆ ಮಕ್ಕಳಿಲ್ಲ. ನಮ್ಮ ಮನೆಯ ಹಿಂದಿನ ಸಾಲಿನಲ್ಲೇ ಅವಳ ಮನೆ. ಮಗಳು ಒಂದೇ ಮಾತು ಹೇಳಿದಳು: "ಮೊದಲನೇ ಉಡಿ ದೊಡ್ಡವ್ವ ತುಂಬಬೇಕು. ಇಲ್ಲಂದ್ರ ಯಾರೂ ತುಂಬೂದು ಬ್ಯಾಡ." ಅಕ್ಕ ನಕ್ಕಳು. ನಕ್ಕು, ಹಾಲು ನೋಡಲು ಒಳಗೆ ಹೋದಳು.

ನಮ್ಮ ಮನೆಯವರು ಕೆಮ್ಮಿದರು. ಅವರು ರವಿವಾರಕ್ಕೊಮ್ಮೆ ಬಡಾವಣೆಯ ಸಭೆಯಲ್ಲಿ ಶರಣರ ಸಮಾನತೆಯ ಮೇಲೆ ಮಾತಾಡುವವರು. ಮೈಕು ಕೊಟ್ಟವರಿಗೆ ಅದನ್ನು ತಿರುಗಿ ಪಡೆಯುವುದೇ ಕೆಲಸ. ಅಂಥವರು ಈಗ ಕನ್ನಡಕ ಒರೆಸುತ್ತ, "ನನಗೇನಿಲ್ಲವಾ. ನನ್ನ ವಿಚಾರ ನಿಮಗ ಗೊತ್ತೇ ಐತಿ. ಆದ್ರ ಬೀಗರು ಏನಂತಾರೋ, ನಾಕ ಮಂದಿ..." ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ನಾಲ್ಕು ಮಂದಿ ಯಾರೆಂದು ಮದುವೆಯಾದಂದಿನಿಂದ ಕೇಳುತ್ತ ಬಂದಿದ್ದೇನೆ, ಇನ್ನೂ ಯಾರ ಮನೆಯ ವಿಳಾಸವೂ ಸಿಕ್ಕಿಲ್ಲ.

ನನಗೆ ಆಗ ಒಂದು ಉಪಾಯ ಹೊಳೆಯಿತು. ಅಕ್ಕ ಓಡಿಹೋಗುವುದು ಅಡಿಗೆಮನೆಗೆ. ಅಡಿಗೆಮನೆಯೇ ಇಲ್ಲದ ಕಡೆ ಎರಡು ದಿನ ಒಯ್ದರೆ ಎಲ್ಲಿಗೆ ಓಡುತ್ತಾಳೆ? ಕುಳ್ಳಿರಿಸಿ ಮಾತಾಡಬಹುದು, ಒಪ್ಪಿಸಬಹುದು. ಹೇಗಿದ್ದರೂ ಮದುವೆಯ ಸೀರೆಗೆ ಇಳಕಲ್ಲಿಗೆ ಹೋಗಲೇಬೇಕಿತ್ತು. ಬಾದಾಮಿ, ಐಹೊಳೆ ನೋಡುತ್ತ, ಉಣ್ಣುತ್ತ ತಿನ್ನುತ್ತ ಹೋಗೋಣ ಎಂದೆ. ಮನೆಯವರು ಇತಿಹಾಸ ಎಂದ ಕೂಡಲೇ ಕಾರು ತೊಳೆಯಲು ಹೋದರು. ನಮ್ಮ ಜಿಲ್ಲೆಯವರು ಬಾದಾಮಿ ನೋಡುವುದು ದೂರದ ಬೀಗರು ಬಂದಾಗ ಮಾತ್ರ. ಅವರಿಗೆ ತೋರಿಸಲು ಹೋಗಿ, ಅವರು ಬಾಯಿ ತೆಗೆದಾಗ ನಾವೂ ತೆಗೆದು, ಮೊದಲೇ ನೋಡಿದವರ ಹಾಗೆ ಮುಚ್ಚಿಕೊಳ್ಳುತ್ತೇವೆ. ನಾನು ಕೊನೆಯ ಸಲ ಹೋದದ್ದು ಸಾಲಿಯ ಪ್ರವಾಸಕ್ಕೆ. ಆಗ ನೋಡಿದ್ದು ಗುಹೆಗಳನ್ನಲ್ಲ, ಎಣಿಸಬೇಕಿದ್ದ ಮಕ್ಕಳ ತಲೆಗಳನ್ನು.

ಹೊರಟ ದಿನ ಬೆಳಿಗ್ಗೆ ಅಕ್ಕ ಒಂದು ಚೀಲದೊಡನೆ ಬಂದಳು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. "ಅಕ್ಕಾ, ನಾವು ಹೊರಗ ತಿನ್ನಾಕ ಹೊಂಟೇವಿ" ಎಂದೆ. "ಹೊರಗಿನವರು ಏನ್ ಹಾಕಿರ್ತಾರೋ ಯಾರಿಗೆ ಗೊತ್ತು" ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು. ಮನೆಯವರು ಗದ್ದನಕೇರಿ ಕ್ರಾಸು ದಾಟುವುದರೊಳಗೆ ಚಾಲುಕ್ಯರನ್ನು ಸಿಂಹಾಸನಕ್ಕೆ ಏರಿಸಿಬಿಟ್ಟಿದ್ದರು. ಬಾದಾಮಿ ಬರುವಷ್ಟರಲ್ಲಿ ಆ ವಂಶವೇ ಮುಗಿದು ಹೋಗಿ, ನೋಡಲು ಬರೀ ಕಲ್ಲು ಉಳಿದಿತ್ತು.

ಬಾದಾಮಿಯ ಬಿಸಿಲು ಗೊತ್ತಲ್ಲ, ಮೇಲಿನಿಂದ ಸೂರ್ಯ, ಕೆಳಗಿನಿಂದ ಕೆಂಪು ಬಂಡೆ. ಗುಹೆಗಳ ಕೆಳಗಿನ ಗಾಡಿಯಂಗಡಿಯಲ್ಲಿ ಮಗಳು ದೊಡ್ಡದೊಂದು ಕರಿಕನ್ನಡಕ ಕೊಂಡು ಅಕ್ಕನಿಗೆ ಹಾಕಿದಳು. ಅಕ್ಕ ಸೆರಗನ್ನು ತಲೆಯ ಮೇಲಿನಿಂದ ಹುಬ್ಬಿನ ತನಕ ಎಳೆದುಕೊಂಡಿದ್ದಳು. ಕನ್ನಡಕ, ಸೆರಗು ಎರಡೂ ಸೇರಿ ಅವಳ ಮುಖದಲ್ಲಿ ಮೂಗು ಬಾಯಿ ಮಾತ್ರ ಉಳಿದವು. ಹಣೆಯ ಮೇಲಿನ ಬರೀ ವಿಭೂತಿ, ಕುಂಕುಮವಿಲ್ಲದ ಜಾಗ, ಎಲ್ಲ ಒಳಗೆ. ಅಕ್ಕ ಮೊದಲೇ ಎತ್ತರದ ಹೆಂಗಸು, ನೆಟ್ಟಗೆ ನಡೆಯುವವಳು. ನೋಡಿದವರಿಗೆ ಯಾರೋ ದೊಡ್ಡ ಆಫೀಸರಳು ಬಂದಂತೆ ಕಾಣಬೇಕು, ಹಾಗಿದ್ದಳು.

ಗೈಡು ನಮ್ಮನ್ನೆಲ್ಲ ಬಿಟ್ಟು ನೇರವಾಗಿ ಅವಳ ಹತ್ತಿರ ಹೋದ. "ಮೇಡಂ, ಈ ಕಡೆ ಬರ್ರಿ. ಯಾವ ದೇಶದಿಂದ ಬಂದೀರಿ?"

"ನವನಗರ" ಎಂದಳು ಅಕ್ಕ.

ಆದರೂ ಗೈಡು ಮೇಡಂ ಎನ್ನುವುದನ್ನು ಬಿಡಲಿಲ್ಲ. ಹದಿನೆಂಟು ಕೈಯ ನಟರಾಜನ ಮುಂದೆ ನಿಂತು ಮನೆಯವರು ಗೈಡನಿಗೇ ಇತಿಹಾಸ ಹೇಳಲು ಶುರು ಮಾಡಿದರು. ಅಷ್ಟರಲ್ಲಿ ಒಂದು ಮಂಗ ಬಂದು ಅವರ ಕೈಯ ಶೇಂಗಾದ ಪೊಟ್ಟಣ ಕಿತ್ತುಕೊಂಡು ಮೆಟ್ಟಿಲ ಮೇಲೆ ಕುಳಿತು ಸುಲಿಯತೊಡಗಿತು. ಆ ಊರಿನಲ್ಲಿ ಅವರ ಭಾಷಣವನ್ನು ಕೊನೆಯ ತನಕ ಕೂತು ಕೇಳಿದ್ದು ಅದೊಂದೇ. ಅಕ್ಕ ನಕ್ಕ ನಗೆಗೆ ಗುಹೆಯೆಲ್ಲ ಗುಂಯ್‌ಗುಟ್ಟಿತು. ಅವಳು ಹಾಗೆ ನಕ್ಕದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ.

ಊಟಕ್ಕೆ ಬನಶಂಕರಿಗೆ ಹೋದೆವು. ಗುಡಿಯ ಮುಂದೆ ಗಿಡದ ನೆರಳಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಊಟ ಮಾರುವ ಹೆಂಗಸರು ಕೂತಿರುತ್ತಾರೆ. ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಲೆ, ಕೆಂಪು ಮೆಣಸಿನಕಾಯಿ ಚಟ್ನಿ, ಮಣ್ಣಿನ ಗಡಿಗೆಯ ಮೊಸರು. ಮೊಸರು ಎಷ್ಟು ಗಟ್ಟಿ ಎಂದರೆ ಗಡಿಗೆ ಬೋರಲು ಮಾಡಿದರೂ ಬೀಳಲಿಕ್ಕೆ ವಿಚಾರ ಮಾಡುತ್ತದೆ. ಮನೆಯವರು ಬಾಯಿ ಚಪ್ಪರಿಸುತ್ತ ಸಮಾನತೆಯ ಬಗ್ಗೆ ಏನೋ ಹೇಳುತ್ತ ಮೂರನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂದು ನಮ್ಮ ಹಿರಿಯರು ಇವರನ್ನು ನೋಡಿಯೇ ಗಾದೆ ಕಟ್ಟಿರಬೇಕು.

ತಿರುಗಿ ನೋಡಿದರೆ ಅಕ್ಕ ನಮ್ಮ ಸಾಲಿನಲ್ಲಿ ಇಲ್ಲ. ಬುಟ್ಟಿಯ ಆಚೆ ಬದಿಗೆ, ರೊಟ್ಟಿ ಮಾರುವವಳ ಪಕ್ಕದಲ್ಲಿ ಕೂತು ಸೌಟು ಹಿಡಿದಿದ್ದಾಳೆ! ಯಾರೋ ಗೊತ್ತಿಲ್ಲದ ಮಂದಿಗೆಲ್ಲ "ತಗೋರಿ, ನಾಚಬ್ಯಾಡ್ರಿ" ಎಂದು ಮೊಸರು ಸುರಿಯುತ್ತಿದ್ದಾಳೆ. ರೊಟ್ಟಿಯವಳು ನನ್ನ ಕಡೆ ನೋಡಿ ಕೈಮುಗಿದಳು. "ಯವ್ವಾ, ನಿಮ್ಮ ಅಕ್ಕಾರನ್ನ ಕರಕೊಂಡು ಹೋಗ್ರಿ. ನನ್ನ ಗಡಿಗಿ ತಳಾ ಕಾಣಾಕ್ಹತ್ತೈತಿ."

ಒಲೆಯಿಲ್ಲದ ಬಯಲಿನಲ್ಲೂ ಅಡಿಗೆಮನೆ ಹುಡುಕಿಕೊಂಡ ಈ ಹೆಂಗಸಿಗೆ ಏನು ಮಾಡುವುದು, ಶಿವನೇ.

ಸಂಜೆ ಬಾದಾಮಿಗೆ ತಿರುಗಿ ಬಂದು ಅಗಸ್ತ್ಯ ತೀರ್ಥದ ಕೆರೆಯ ಮೆಟ್ಟಿಲ ಮೇಲೆ ಅಕ್ಕ, ನಾನು ಇಬ್ಬರೇ ಕುಳಿತೆವು. ಆಚೆ ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾನು ವಿಷಯ ತೆಗೆದೆ. ಅಕ್ಕ ಕರಿಕನ್ನಡಕ ತೆಗೆಯಲಿಲ್ಲ, ಬಿಸಿಲು ಇಳಿದಿದ್ದರೂ.

"ಹುಚ್ಚಿ ಅದೀ ನೀ" ಎಂದಳು. "ನಾ ಏನ್ ಹಳೇ ಕಾಲದಾಕಿ ಅಂತ ಹಿಂದ ಸರೀತೇನಿ ಅನ್ಕೊಂಡಿ? ನಾಳೆ ಹುಡುಗಿ ಬಾಳೇವದಾಗ ಏನರ ಒಂದು ಹೆಚ್ಚುಕಡಿಮಿ ಆತು ಅನ್ನು. ಗಂಡಗ ಒಂದು ಜ್ವರಾ ಬಂದ್ರೂ ಮೊದಲ ಉಡಿ ತುಂಬಿದಾಕಿ ಯಾರು ಅಂತ ಕೇಳ್ತಾರ. ಮಂದಿ ಅಂದ್ರ ಅನ್ನಲಿ. ಒಂದಿನ ಆ ಹುಡುಗಿ ತಾನ ಮನಸಿನ್ಯಾಗ ಹಂಗ ಅನ್ಕೊಂಡ್ರ? ನಾ ಎಲ್ಲಿ ಹೋಗಲಿ?"

ನಮ್ಮ ಮನೆಯವರ ನಾಲ್ಕು ಮಂದಿಯ ಮೇಲೆ ಸಿಟ್ಟು ಬಂದು ಮೈಯೆಲ್ಲ ಉರಿಯಿತು. ಅಕ್ಕನ ಕೈ ಹಿಡಿದುಕೊಂಡೆ.

ಮರುದಿನ ಐಹೊಳೆ. ಅಲ್ಲಿ ಗುಡಿಗಳು ಎಷ್ಟಿವೆಯೆಂದರೆ ಹಿಂದೆ ಜನ ಅವುಗಳಲ್ಲೇ ಸಂಸಾರ ಹೂಡಿದ್ದರಂತೆ, ದನ ಕಟ್ಟಿದ್ದರಂತೆ. ಅಕ್ಕ ದುರ್ಗದ ಗುಡಿಯ ಸುತ್ತು ಬಂದು, ಕಂಬಕ್ಕೆ ಕೈ ಇಟ್ಟು, "ಇಲ್ಲಿ ಒಲಿ ಎಲ್ಲಿ ಹೂಡಿದ್ದರೋ" ಎಂದಳು. ಮನೆಯವರಿಗೆ ಬಹಳ ಬೇಸರವಾಯಿತು. ಅಮೀನಗಡದಲ್ಲಿ ಕರದಂಟು ಕೊಂಡೆವು. ಹುನಗುಂದದಲ್ಲಿ ಗಿರ್ಮಿಟ್, ಮಿರ್ಚಿ ತಿಂದೆವು. ಅಲ್ಲಿಂದ ಇಳಕಲ್ ಸಮೀಪವೇ. ಆದರೆ ಇಷ್ಟು ದೂರ ಬಂದು ಸಂಗಮಕ್ಕೆ ಹೋಗದಿದ್ದರೆ ಹೇಗೆ ಎಂದು ಮನೆಯವರು ಕಾರನ್ನು ಕೂಡಲಸಂಗಮದ ಕಡೆ ತಿರುಗಿಸಿದರು.

ನೀರಿನ ನಡುವಿನ ಐಕ್ಯ ಮಂಟಪಕ್ಕೆ ಇಳಿದು ಹೋದಾಗ ಅವರ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ, ಖರೇ ನೀರು. ಮಗಳ ತಲೆಯ ಮೇಲೆ ಕೈಯಿಟ್ಟು, "ನೋಡವಾ, ಇವ ಮ್ಯಾಲ, ಇವ ಕೆಳಗ ಅನ್ನೂದನ್ನ ಅಳಿಸಿದ ಜಾಗಾ ಇದು. ನಾವು ಈ ಶರಣರ ಮಕ್ಕಳು" ಎಂದರು. ಪಕ್ಕದಲ್ಲಿದ್ದ ಯಾರೋ ಅಪರಿಚಿತರೂ ಕೈಮುಗಿದರು. ಅಕ್ಕ ನಮಗಿಂತ ಸ್ವಲ್ಪ ಹಿಂದೆ ನಿಂತಿದ್ದಳು.

ಇಳಕಲ್ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಓಣಿಯ ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ನಾವು ಹೋದದ್ದು ಹಳೆಯದೊಂದು ಅಂಗಡಿಗೆ. ಗಾದಿಯ ಮೇಲೆ ಕುಳಿತ ಮಾಲಕರು ವಯಸ್ಸಾದವರು. ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಗುಡ್ಡ ಹಾಕಿದರು. ಮಗಳು ನೋಡಿ ನೋಡಿ ಕೊನೆಗೆ ಒಂದರ ಮೇಲೆ ಕೈಯಿಟ್ಟಳು. ಗಿಳಿ ಹಸಿರು ಮೈ, ಅಂಚಿಗೆ ಅಗಲ ದಡಿ, ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿ ತೆನೆಯ ಚಿತ್ತಾರ. ನನಗೂ ಅದರ ಮೇಲೆಯೇ ಕಣ್ಣಿತ್ತು.

ಅಲ್ಲಿಯ ಅಂಗಡಿಗಳಲ್ಲಿ ಒಂದು ರೂಢಿ. ಸೆರಗು ಹೇಗೆ ಇಳಿಯುತ್ತದೆ ಎಂದು ತೋರಿಸಲು ಬಂದವರಲ್ಲೇ ಎತ್ತರದವರೊಬ್ಬರನ್ನು ನಿಲ್ಲಿಸಿ ಹೆಗಲಿಗೆ ಹಾಕುತ್ತಾರೆ. ಮಾಲಕರು ಎದ್ದು ನಮ್ಮನ್ನೆಲ್ಲ ಒಮ್ಮೆ ಅಳೆದರು. ನಾನು ಮಗಳು ಇಬ್ಬರೂ ಗಿಡ್ಡ. ಅಕ್ಕ ಇನ್ನೂ ಆ ಕರಿಕನ್ನಡಕ, ತಲೆಸೆರಗಿನಲ್ಲೇ ಇದ್ದಳು. "ಅಕ್ಕಾರ, ನೀವು ಒಂದೀಟು ನಿಂದರ್ರಿ" ಎಂದು, ಅಕ್ಕ ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಆ ಮದುವೆ ಸೀರೆಯನ್ನು ಅವಳ ಎಡ ಹೆಗಲ ಮೇಲೆ ಹರವಿ, ಸೆರಗು ಬಿಟ್ಟು, ಕನ್ನಡಿಯ ಕಡೆ ತಿರುಗಿಸಿಬಿಟ್ಟರು.

ಕರಿಕನ್ನಡಕದಲ್ಲಿ ಬಣ್ಣ ಕಾಣಲಿಲ್ಲವೇನೋ, ಅಕ್ಕ ಅದನ್ನು ತೆಗೆದಳು. ತಲೆಯ ಮೇಲಿನ ಸೆರಗು ಜಾರಿತು. ಕನ್ನಡಿಯಲ್ಲಿ ಅವಳು ತನ್ನನ್ನು ನೋಡಿದಳು, ಹಸಿರು ಸೀರೆಯಲ್ಲಿ, ಹಣೆಯ ಮೇಲೆ ಬರೀ ವಿಭೂತಿಯೊಂದಿಗೆ. ಅವಳ ಹಿಂದೆ ನಿಂತಿದ್ದ ಮಾಲಕರೂ ನೋಡಿದರು.

"ಅಯ್ಯಯ್ಯ, ತಪ್ಪಾತರಿ" ಎಂದರು ಅವರು. ಕೈ ಅಲ್ಲೇ ನಿಂತಿತು. "ನಾ ನೋಡಲಿಲ್ಲರಿ. ಇದನ್ನ ಬಿಡ್ರಿ, ಹಿಂತಾದ್ದ ಬ್ಯಾರೆ ಪೀಸ್ ಐತಿ, ತಗೀತೇನಿ."

ಸಂಗಮದಲ್ಲಿ ಅತ್ತ ಕಣ್ಣು ಇನ್ನೂ ಪೂರ್ತಿ ಒಣಗಿರದ ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡರು. "ಹೌದೌದು, ಬ್ಯಾರೇದು ತಗೀರಿ. ನನಗೇನಿಲ್ಲ, ಆದ್ರೂ..."

ಅಕ್ಕ ಸೀರೆಯನ್ನು ಹೆಗಲ ಮೇಲೆ ಹಾಗೆಯೇ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದಳು. "ಒಲಿ ಮ್ಯಾಲ ಹಾಲ ಇಟ್ಟೇನಿ" ಎಂದಳು, "ನೋಡಿ ಬರ್ತೇನಿ."

ಬಾಗಿಲಾಚೆ ಇಳಕಲ್ಲಿನ ಬಜಾರು. ಒಂದು ಆಟೊ, ಒಂದು ಎಮ್ಮೆ. ಅಕ್ಕ ಹೊಸ್ತಿಲ ಹತ್ತಿರ ನಿಂತೇಬಿಟ್ಟಳು. ತಾನು ಏನು ಅಂದೆ ಎನ್ನುವುದು ಆಗ ಅವಳ ಕಿವಿಗೆ ಬಿದ್ದಿರಬೇಕು. ಇಷ್ಟು ವರ್ಷ ಎಲ್ಲರ ಮನೆಯಲ್ಲೂ ನಾವೆಲ್ಲ ನಂಬಿದಂತೆ ಮಾಡುತ್ತಿದ್ದ ಆ ಹಾಲು ಇಲ್ಲಿ, ನಡು ಬಜಾರಿನಲ್ಲಿ, ಎಲ್ಲಿ ಇರಬೇಕು?

ನನ್ನ ಬಾಯಿ ನನ್ನ ಕೈ ಮೀರಿತು. ಮನೆಯವರ ಕಡೆ ತಿರುಗಿ, "ಏನ್ರಿ, ಈಗಷ್ಟ ಸಂಗಮದ ಮಂಟಪದಾಗ ಇಳಿದು ಅತ್ತು ಬಂದ್ರಲ್ಲ, ಆ ಕಣ್ಣೀರು ಯಾರ ಸಲುವಾಗಿ ಇತ್ರಿ? ಅಳಿಸಿದ ಜಾಗಾ ಅಂದ್ರಲ್ಲ, ಅಕ್ಕನ ಹೆಸರು ಬಿಟ್ಟು ಅಳಿಸ್ಯಾರೇನು? ಇನ್ನೊಮ್ಮೆ ನನಗೇನಿಲ್ಲ ಅಂದ್ರ ನೋಡ್ರಿ. ನಿಮಗೇನಿಲ್ಲ ಅನ್ನೂದ ದೊಡ್ಡ ಜಡ್ಡು ಆಗೈತಿ" ಎಂದೆ. ಮನೆಯವರು ಕನ್ನಡಕ ತೆಗೆದು ಒರೆಸತೊಡಗಿದರು.

ಮಗಳು ಹೋಗಿ ಅಕ್ಕನ ಮುಂದೆ ನಿಂತಳು. "ದೊಡ್ಡವ್ವ, ನನಗ ಇದ ಸೀರಿ ಬೇಕು. ನಿನ್ನ ಹೆಗಲ ಮ್ಯಾಲ ಇದ್ದದ್ದು."

ಅಕ್ಕ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಸೀರೆಯನ್ನು ಹೆಗಲಿಂದ ತೆಗೆದಳು. ಅವಳು ಅದನ್ನು ಅಂಗಡಿಯವರ ಕೈಗೆ ಕೊಡಲಿಲ್ಲ. ತಾನೇ ಗಾದಿಯ ಮೇಲೆ ಕುಳಿತು, ದಡಿಗೆ ದಡಿ ಕೂಡಿಸಿ, ನೆರಿಗೆ ಬೀಳದ ಹಾಗೆ ಮಡಚಿ, ಅಂಗೈಯಿಂದ ಒಮ್ಮೆ ಸವರಿ ಮಾಲಕರ ಮುಂದಿಟ್ಟಳು. "ಇದನ್ನ ಕಟ್ರಿ" ಎಂದಳು. ಅಷ್ಟೇ. ಉಡಿಯ ಮಾತನ್ನು ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ಬಾಗಲಕೋಟೆ ಬರುವ ತನಕ ಕಾರಿನಲ್ಲಿ ಯಾವ ರಾಜವಂಶವೂ ಸದ್ದು ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಕರದಂಟಿನ ಪೊಟ್ಟಣ ಬಿಚ್ಚಿ, "ಬೆಲ್ಲ ಒಂದೀಟು ಹೆಚ್ಚಾಗೈತಿ" ಎಂದಳು.

ಮದುವೆಯ ಹಿಂದಿನ ದಿನ ಮನೆ ತುಂಬ ಮಂದಿ. ಬೀಗರ ಕಡೆಯ ಹೆಂಗಸರೂ ಬಂದಿದ್ದರು. ಮಗಳು ಆ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಉಡಿ ತುಂಬುವ ತಾಟು ಬಂತು. ನಾನು ತಿರುಗಿ ನೋಡುವುದರೊಳಗೆ ಅಕ್ಕ ಎದ್ದಾಗಿತ್ತು. ಹಿಂದೆಯೇ ಅಡಿಗೆಮನೆಗೆ ಹೋದೆ.

"ಖರೇನ ಹಾಲ ಐತಿ ಈ ಸಲ" ಎಂದಳು, ನಾನು ಕೇಳುವ ಮೊದಲೇ. ಹೌದು, ಇತ್ತು. ದೊಡ್ಡ ಪಾತೇಲಿ ತುಂಬ, ಬೀಗರ ಚಹಾಕ್ಕೆಂದು. ಅಕ್ಕ ಅದರ ಮುಂದೆ ಕಾವಲು ನಿಂತಿದ್ದಳು.

ಹೊರಗೆ ಗದ್ದಲ ನಿಂತಿತು. ಮೊದಲನೆಯ ಮುತ್ತೈದೆ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಬಾಗಿದ್ದಾಳೆ, ಹುಡುಗಿ ಸೆರಗು ಒಡ್ಡುತ್ತಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದಾಳೆ. ಯಾರೋ ಏನಾತು ಎಂದರು. ಆಗ ಕೆಮ್ಮಿನ ಸದ್ದು ಕೇಳಿತು. ಮುಗಿಯಿತು, ಇನ್ನು 'ನನಗೇನಿಲ್ಲ' ಬಂತು ಎಂದುಕೊಂಡೆ. ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಧ್ವನಿ ನಡುಗುತ್ತಿತ್ತು, ಮೈಕಿನ ಮುಂದೆ ಎಂದೂ ನಡುಗದ ಧ್ವನಿ.

"ಅಕ್ಕಾರ, ಹೊರಗ ನಡೀರಿ. ಹಾಲು ನಾ ನೋಡ್ಕೋತೇನಿ."

ಅಕ್ಕ ಅವರನ್ನು ನೋಡಿದಳು. ಹೊರಗೆ ಸೆರಗು ಹಿಡಿದು ಕುಳಿತ ಹುಡುಗಿಯನ್ನು ನೋಡಿದಳು. ಕೈ ಒರೆಸಿಕೊಂಡು ಹೊರಗೆ ಹೋಗಿ ಅವಳ ಮುಂದೆ ಕುಳಿತಾಗ ಮಗಳು ಉಡಿ ಒಡ್ಡಿದಳು. ಬೊಗಸೆಯ ಅಕ್ಕಿ ಉಡಿಗೆ ಬಿತ್ತು. ಇಬ್ಬರೂ ಅತ್ತರು, ನಾನೂ ಅತ್ತೆ. ಮನೆಯವರು ಯಾವ ನಾಲ್ಕು ಮಂದಿಗೆ ಇಷ್ಟು ವರ್ಷ ಅಂಜಿದ್ದರೋ ಅವರು ಆ ಹೊತ್ತಿಗೆ ಏನು ಮಾಡುತ್ತಿದ್ದರು ಎಂದು ನಾನು ಕಣ್ಣು ಒರೆಸಿಕೊಂಡು ನೋಡಿದೆ. ಒಬ್ಬಾಕೆ ಫೋಟೊ ತೆಗೆಯುತ್ತಿದ್ದಳು. ಒಬ್ಬಾಕೆ ಮೂಗು ಮುರಿದಳು, ಮುರಿದು ಉತ್ತತ್ತಿ ಬಾಯಿಗೆ ಹಾಕಿಕೊಂಡಳು. ಬೀಗಿತ್ತಿ ನನ್ನ ಕಿವಿಯ ಹತ್ತಿರ ಬಗ್ಗಿ, ಈ ಸೀರೆ ಇಳಕಲ್ಲಿನ ಯಾವ ಅಂಗಡಿಯದು ಎಂದು ಕೇಳಿದರು.

ಅಷ್ಟರಲ್ಲಿ ಒಳಗಿನಿಂದ ಸುಟ್ಟ ಹಾಲಿನ ವಾಸನೆ ಬಂತು. ಜನ್ಮದಲ್ಲಿ ಒಲೆಯ ಮುಂದೆ ನಿಂತವರಲ್ಲ ನಮ್ಮ ಮನೆಯವರು. ಉಕ್ಕುವ ಹಾಲನ್ನು ಬಿಟ್ಟು ಬಾಗಿಲಲ್ಲಿ ನಿಂತು ಅಕ್ಕನನ್ನೇ ನೋಡುತ್ತಿದ್ದರು. ಹೆಂಗಸರು ಹಾಲು, ಹಾಲು ಎಂದು ಕೂಗಿದರು. ಅಕ್ಕ ಮಾತ್ರ ಏಳಲಿಲ್ಲ. ಮಗಳ ಉಡಿಯಲ್ಲಿ ಕೊಬ್ಬರಿ ಬಟ್ಟಲು ಇಟ್ಟು, ಖಣದ ಮಡಿಕೆ ನೇರ ಮಾಡುತ್ತ, ತಲೆ ಎತ್ತದೆ ಹೇಳಿದಳು.

"ಉಕ್ಕಲಿ ಬಿಡ್ರಿ."